ಜೇಬಿಗೊಂದು ಮಡಚುವ ಚಾಕು: ಉದ್ದಕ್ಕಿಂತ ದಪ್ಪ ನೋಡಿ ಕೊಳ್ಳಿ

ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಚೀಲದ ಹೊಲಿಗೆ ಬಿಚ್ಚಬೇಕು. ಕುಷ್ಟಗಿ ಕಡೆಯ ದಾಳಿಂಬೆ ತೋಟದಲ್ಲಿ ಸುತಳಿ ಕೊಯ್ಯಬೇಕು. ಬಳ್ಳಾರಿಯ ಜೀನ್ಸ್ ಗೋದಾಮಿನಲ್ಲಿ ಪಾರ್ಸೆಲ್ ಟೇಪು ಸೀಳಬೇಕು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಒಂದು ಉಳ್ಳಾಗಡ್ಡಿ ಹೆಚ್ಚಬೇಕು. ಜೇಬಿನ ಚಾಕುವಿಗೆ ದಿನವೂ ಬರುವ ಕೆಲಸ ಇಷ್ಟೇ. ಆದರೂ ಅಂಗಡಿಗೆ ಹೋದವರು ಹೆಚ್ಚಾಗಿ ಎತ್ತಿಕೊಳ್ಳುವುದು ದಪ್ಪನೆಯ, ಭಾರದ, ಕರಿ ಬಣ್ಣ ಬಳಿದ ಚಾಕುವನ್ನೇ. ವಾರ ಕಳೆಯುವಷ್ಟರಲ್ಲಿ ಅದು ಮನೆಯ ಕಪಾಟು ಸೇರುತ್ತದೆ.

ಅಳತೆ

ಅಲಗು 6ರಿಂದ 8 ಸೆಂ.ಮೀ. ಉದ್ದವಿದ್ದರೆ ಸಾಕು. ಮಡಚಿದಾಗ ಇಡೀ ಚಾಕು 10 ಸೆಂ.ಮೀ. ಒಳಗಿರಲಿ, ತೂಕ 80 ಗ್ರಾಂ ದಾಟದಿರಲಿ. ಅದಕ್ಕಿಂತ ಭಾರವಾದರೆ ಪ್ಯಾಂಟಿನ ಜೇಬು ಜೋಲುತ್ತದೆ, ತೆಳು ಬಟ್ಟೆಯ ಪೈಜಾಮವಾದರೆ ಜೇಬೇ ಹರಿಯುತ್ತದೆ.

ಉದ್ದಕ್ಕಿಂತ ಮುಖ್ಯವಾದದ್ದು ದಪ್ಪ. ಅಲಗಿನ ಬೆನ್ನು 2 ಮಿ.ಮೀ. ಆಸುಪಾಸಿನಲ್ಲಿರಬೇಕು, 2.5 ದಾಟಬಾರದು. ಬೆನ್ನಿನಿಂದ ಬಾಯಿಯ ಕಡೆಗೆ ಅದು ಒಂದೇ ಸಮನೆ ತೆಳುವಾಗುತ್ತ ಬರಬೇಕು. 3.5 ಮಿ.ಮೀ. ದಪ್ಪದ ಅಲಗನ್ನು ಎಷ್ಟೇ ಹರಿತ ಮಾಡಿದರೂ ಅದು ಉಳ್ಳಾಗಡ್ಡಿಯನ್ನು ಕೊಯ್ಯುವುದಿಲ್ಲ. ಅರ್ಧ ಇಳಿದ ಮೇಲೆ ಬೆಣೆಯ ಹಾಗೆ ಎರಡೂ ಕಡೆ ತಳ್ಳುತ್ತದೆ, ಉಳ್ಳಾಗಡ್ಡಿ ಟಕ್ಕನೆ ಸೀಳಿಕೊಳ್ಳುತ್ತದೆ. ರಟ್ಟಿನ ಪೆಟ್ಟಿಗೆಯಲ್ಲೂ ಹಾಗೇ: ಬಾಯಿ ಒಳಗೆ ಹೋಗಿರುತ್ತದೆ, ಬೆನ್ನು ಸಿಕ್ಕಿಕೊಂಡಿರುತ್ತದೆ. ಆಗ ಕೈ ಜೋರು ಮಾಡುತ್ತೇವೆ, ಚಾಕು ಜಾರುತ್ತದೆ, ಗಾಯವಾಗುತ್ತದೆ. ದಪ್ಪ ಅಲಗು ಗಟ್ಟಿ ಎಂಬ ಮಾತು ಮೀಟುವ ಕೆಲಸಕ್ಕೆ ಸರಿ. ಆದರೆ ಡಬ್ಬದ ಮುಚ್ಚಳ ಮೀಟುವುದು, ಸ್ಕ್ರೂ ತಿರುಗಿಸುವುದು ಚಾಕುವಿನ ಕೆಲಸವೇ ಅಲ್ಲ. ಮೊನೆ ಮುರಿಯುವುದು ಹೆಚ್ಚಾಗಿ ಅಲ್ಲೇ.

ಅರ್ಧ ಗರಗಸದ ಹಲ್ಲಿರುವ ಅಲಗು ನೈಲಾನ್ ಹಗ್ಗಕ್ಕೆ ಚೆನ್ನಾಗಿದ್ದರೂ ಮನೆಯ ಕಲ್ಲಿನ ಮೇಲೆ ಸಾಣೆ ಹಿಡಿಯಲು ಬರುವುದಿಲ್ಲ. ಸಾದಾ ಬಾಯಿಯದ್ದನ್ನೇ ತೆಗೆದುಕೊಳ್ಳಿ.

ಉಕ್ಕು

ಅಲಗಿನ ಮೇಲೆ ಬರೀ ‘ಸ್ಟೇನ್‌ಲೆಸ್’ ಎಂದು ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಉಕ್ಕಿನ ಹೆಸರು ಇರಬೇಕು. 12ಸಿ27, 14ಸಿ28ಎನ್, 8ಸಿಆರ್13ಎಂಒವಿ ನಮ್ಮ ಬಳಕೆಗೆ ಒಳ್ಳೆಯವು. ಉಕ್ಕಿನ ಗಡಸುತನ ಹೇಳುವ ರಾಕ್‌ವೆಲ್ (ಎಚ್‌ಆರ್‌ಸಿ) ಅಂಕಿ 56ರಿಂದ 59 ಇರಲಿ. ಅದಕ್ಕಿಂತ ಮೆತ್ತಗಿದ್ದರೆ ಬಾಯಿ ಮಡಚಿಕೊಳ್ಳುತ್ತದೆ. ತೀರಾ ಗಡಸಾದರೆ ಬಾಯಿ ಚಕ್ಕೆಯೇಳುತ್ತದೆ, ಸಾಣೆ ಹಿಡಿಯುವುದೂ ಕಷ್ಟ.

ಡಿ2 ಉಕ್ಕು ಹರಿತವನ್ನು ಬಹಳ ದಿನ ಉಳಿಸಿಕೊಳ್ಳುತ್ತದೆ, ಆದರೆ ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ. ನಮ್ಮ ಬೇಸಿಗೆಯಲ್ಲಿ ಜೇಬಿನ ಬೆವರಿಗೇ ಚುಕ್ಕೆ ಚುಕ್ಕೆಯಾಗಿ ಜಂಗು ಹಿಡಿಯುತ್ತದೆ. ಕಾರ್ಬನ್ ಉಕ್ಕಿನ ಅಲಗು ಇನ್ನೂ ಸೂಕ್ಷ್ಮ: ಮಾವಿನಕಾಯಿ, ಹುಣಸೆ, ನಿಂಬೆ ತಾಗಿದರೆ ಕಪ್ಪಾಗುತ್ತದೆ, ಒರೆಸದೆ ಮಡಚಿಟ್ಟರೆ ಜಂಗು. ದಿನವೂ ಒರೆಸುವ ಶಿಸ್ತಿದ್ದವರಿಗೆ ಮಾತ್ರ ಅದು. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇರುತ್ತದೆ, ಅದು ಸ್ಟೇನ್‌ಲೆಸ್ ಉಕ್ಕನ್ನೂ ಬಿಡುವುದಿಲ್ಲ. ಆ ಚೀಲ ಕೊಯ್ದ ಚಾಕುವನ್ನು ಅವತ್ತೇ ತೊಳೆಯಿರಿ. ಅಂದಹಾಗೆ, ಮಿಷನ್ ಹೊಲಿಗೆಯ ಚೀಲಕ್ಕೆ ಚಾಕು ಒಂದು ಗಂಟು ಕತ್ತರಿಸುವಷ್ಟು ಸಾಕು. ಸರಿಯಾದ ತುದಿಯಿಂದ ದಾರ ಎಳೆದರೆ ಸರಪಳಿ ಹೊಲಿಗೆ ತಾನಾಗಿ ಬಿಚ್ಚುತ್ತ ಹೋಗುತ್ತದೆ, ಚೀಲವೂ ಉಳಿಯುತ್ತದೆ.

ಲಾಕ್

ಲಾಕ್ ಇಲ್ಲದ ಚಾಕುವಿನಲ್ಲಿ ಹಿಡಿಯ ಬೆನ್ನಿನ ಸ್ಪ್ರಿಂಗ್ ಮಾತ್ರ ತೆರೆದ ಅಲಗನ್ನು ತಡೆದಿರುತ್ತದೆ. ವಿಕ್ಟೋರಿನಾಕ್ಸ್‌ನ 91 ಮಿ.ಮೀ. ಸ್ವಿಸ್ ಚಾಕುಗಳು ಈ ಜಾತಿಯವು. ಹಣ್ಣು, ಟೇಪು, ದಾರಕ್ಕೆ ಧಾರಾಳ ಸಾಕು. ಕತ್ತರಿಯೂ ಇರುವ ಮಾದರಿ ಸಿಕ್ಕರೆ ಹೊಲಿಗೆ ಕೆಲಸದವರಿಗೆ ಅದೇ ಒಳ್ಳೆಯದು. ಆದರೆ ಇಂಥ ಚಾಕುವಿನಿಂದ ಚುಚ್ಚಬಾರದು, ಅಲಗು ಬೆರಳ ಮೇಲೆಯೇ ಮಡಚಿಕೊಳ್ಳುತ್ತದೆ.

ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಿಂದ ತಿರುಗುವ ಉಕ್ಕಿನ ಉಂಗುರವೇ ಲಾಕ್. 6ನೇ ನಂಬರಿನಿಂದ ಮೇಲಿನ ಅಳತೆಗಳಿಗೆ ಈ ಉಂಗುರವಿದೆ. 7ನೇ ನಂಬರಿನ ಅಲಗು 8 ಸೆಂ.ಮೀ., ತೆಳು, ಬಲು ಹಗುರ. ಮರದ ಹಿಡಿ ಮಳೆಗಾಲದಲ್ಲಿ ಉಬ್ಬಿ ಅಲಗು ಬಿಗಿಯುವುದು ಇದರ ಕೊರತೆ. ಗದ್ದೆಯ ನೀರಲ್ಲಿ ನಿಂತು ಕೆಲಸ ಮಾಡುವವರಿಗೆ ಹೇಳಿದ್ದಲ್ಲ.

ಲೈನರ್ ಲಾಕ್‌ನಲ್ಲಿ ಹಿಡಿಯ ಒಳಗಿನ ತಗಡು ಸರಿದು ಅಲಗಿನ ಬುಡಕ್ಕೆ ಆತುಕೊಳ್ಳುತ್ತದೆ. ಆ ತಗಡು ಬುಡದ ಅಗಲದ ಕಾಲು ಭಾಗದಿಂದ ಅರ್ಧದವರೆಗೆ ಕೂತಿರಬೇಕು. ಅಂಚಿಗಷ್ಟೇ ತಾಗಿದ್ದರೆ ಜಾರುತ್ತದೆ. ಹೊಸದರಲ್ಲೇ ಆಚೆ ಬದಿಯವರೆಗೆ ಸರಿದಿದ್ದರೆ ಮುಂದೆ ಸವೆಯಲು ಜಾಗವೇ ಇಲ್ಲ. ಬೆನ್ನಿನ ಕಡೆ ಒತ್ತಿ ಬಿಡಿಸುವ ಬ್ಯಾಕ್ ಲಾಕ್ ಭದ್ರ, ಆದರೆ ಅದರ ಕಚ್ಚಿನಲ್ಲಿ ಎರೆಮಣ್ಣು ತುಂಬಿ ಒಣಗಿದರೆ ಪೂರ್ತಿ ಕೂರುವುದಿಲ್ಲ. ಬಟನ್ ಒತ್ತಿದರೆ ಚಿಮ್ಮುವ ಚಾಕು ಬೇಡವೇ ಬೇಡ. ಜೇಬಿನಲ್ಲೇ ತೆರೆದುಕೊಳ್ಳಬಹುದು, ತಪಾಸಣೆಯಲ್ಲಿ ಸಿಕ್ಕರೆ ‘ಕೆಲಸಕ್ಕೆ’ ಎಂದರೆ ಯಾರೂ ನಂಬುವುದಿಲ್ಲ.

ಅಂಗಡಿಯಲ್ಲಿ ಪರೀಕ್ಷೆ

ಮೊದಲು ಮಡಚಿ ನೋಡಿ: ಮೊನೆ ಹಿಡಿಯೊಳಗೆ ಪೂರ್ತಿ ಅಡಗಬೇಕು, ಅಲಗು ಯಾವ ಬದಿಗೂ ಉಜ್ಜದೆ ನಡುವೆ ಕೂರಬೇಕು. ಅಲಗು ಅಡಗಿರುವ ಸೀಳು ಕೆಳಗೆ ಮಾಡಿ ಅಲ್ಲಾಡಿಸಿದರೆ ಅಲಗು ತಾನಾಗಿ ಹೊರಬರಬಾರದು. ಆಮೇಲೆ ತೆರೆದು, ಬೆನ್ನನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಕೀಲು ಸಡಿಲವಿದ್ದರೆ ಕೈಗೆ ಗೊತ್ತಾಗುತ್ತದೆ. ಸ್ಕ್ರೂ ಇದ್ದರೆ ಬಿಗಿ ಮಾಡಬಹುದು, ರಿವೆಟ್ ಹೊಡೆದಿದ್ದರೆ ಅದನ್ನು ಅಲ್ಲೇ ಬಿಡಿ.

ಲಾಕ್ ಪರೀಕ್ಷೆಗೆ ಹಿಡಿಯನ್ನು ಎರಡು ಪಕ್ಕಗಳಿಂದ ಅಂಗೈಯಲ್ಲಿ ಹಿಡಿಯಿರಿ. ಅಲಗು ಮಡಚಿ ಬರುವ ದಾರಿಯಲ್ಲಿ ಒಂದು ಬೆರಳೂ ಇರಬಾರದು. ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ, ನಿಧಾನಕ್ಕೆ ಬಲ ಹೆಚ್ಚಿಸಿ. ಕುಟ್ಟಬೇಡಿ. ಲಾಕ್ ಮಿಸುಕಿದರೂ ಆ ಚಾಕು ಬೇಡ.

ಕೊನೆಗೆ ಹಿಡಿ. ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ, ನುಣುಪಾದ ಸ್ಟೀಲ್ ಹಿಡಿ ಬೆವರಿದ ಕೈಯಲ್ಲಿ ಜಾರುತ್ತದೆ. ಬಣ್ಣವೂ ಲೆಕ್ಕಕ್ಕೆ ಬರುತ್ತದೆ: ಎರೆಹೊಲದಲ್ಲಿ ಕರಿ ಹಿಡಿಯ ಚಾಕು ಬಿದ್ದರೆ ಸಿಗುವುದಿಲ್ಲ. ಹಿಡಿಯ ತುದಿಯಲ್ಲಿ ತೂತಿದ್ದರೆ ಕೆಂಪು ದಾರ ಕಟ್ಟಿಡಿ. ಅಂಗಿಯ ಎದೆಜೇಬಿನಲ್ಲಿ ಇಡಬೇಡಿ, ಬಗ್ಗಿದ ಕೂಡಲೇ ಕಾಲುವೆ ಪಾಲು.

ಸಾಣೆ ಮತ್ತು ಎಣ್ಣೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಬದಿ ದೊರಗು ಇನ್ನೊಂದು ಬದಿ ನಯವಿರುವ ಸಾಣೆಕಲ್ಲು ಸಾಕು. ಕಲ್ಲು ನೆನೆಸಿ, ಅಲಗನ್ನು 15ರಿಂದ 20 ಡಿಗ್ರಿ ಓರೆ ಹಿಡಿಯಿರಿ. ಅಲಗು 18 ಮಿ.ಮೀ. ಅಗಲವಿದ್ದರೆ ಬೆನ್ನು ಕಲ್ಲಿನಿಂದ 5ರಿಂದ 6 ಮಿ.ಮೀ. ಮೇಲಿರಬೇಕು ಎಂದರ್ಥ. ಒಂದೇ ಬದಿಯನ್ನು ಉಜ್ಜುತ್ತ ಹೋದರೆ ಆಚೆ ಬದಿಯಲ್ಲಿ ಬುಡದಿಂದ ಮೊನೆಯವರೆಗೆ ಕೂದಲೆಳೆಯಷ್ಟು ದೊರಗು ಬೆರಳಿಗೆ ತಾಗುತ್ತದೆ. ಅದು ಬರುವವರೆಗೆ ಬದಿ ಬದಲಿಸಬೇಡಿ. ಚಾಕು ಹರಿತವಾಗದಿರಲು ಮುಖ್ಯ ಕಾರಣ ಈ ಅವಸರವೇ. ಎರಡೂ ಬದಿ ಆದ ಮೇಲೆ ನಯವಾದ ಕಲ್ಲಿನ ಮೇಲೆ ಬದಿ ಬದಲಿಸುತ್ತ ಹಗುರಾಗಿ ಎಳೆಯಿರಿ, ಕೊನೆಗೆ ಹಳೆ ಬೆಲ್ಟಿನ ಚರ್ಮದ ಮೇಲೆ ಬೆನ್ನು ಮುಂದಾಗಿ ಹತ್ತು ಸಲ. ಸಂತೆಯಲ್ಲಿ ಗಿರಗಿರ ತಿರುಗುವ ಒಣ ಚಕ್ರಕ್ಕೆ ಕೊಡಬೇಡಿ. ತೆಳು ಅಲಗು ಕ್ಷಣದಲ್ಲಿ ಕಾದು, ಬಾಯಿ ನೀಲಿಯಾಗಿ, ಹದ ಕಳೆದುಕೊಳ್ಳುತ್ತದೆ.

ಸಂಡೂರು ಕಡೆಯ ಅದಿರಿನ ದೂಳು, ಜೇಬಿನ ನೂಲು ಎಲ್ಲ ಸೇರುವುದು ಕೀಲಿಗೆ. ಬಿಸಿನೀರು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಿ, ಕೀಲಿಗೆ ಒಂದು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಡಿ. ಶೇಂಗಾ ಎಣ್ಣೆ ಕೆಲ ದಿನಗಳಲ್ಲಿ ಅಂಟಾಗಿ ದೂಳು ಹಿಡಿಯುತ್ತದೆ. ಹಣ್ಣು ಕೊಯ್ಯುವ ಚಾಕುವಾದರೆ ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು.

ದಾಳಿಂಬೆ ಬೆಳೆಗಾರರು ಜೇಬಿನ ಚಾಕುವಿನಿಂದ ಟೊಂಗೆ ಸವರಬಾರದು. ದುಂಡಾಣು ಅಂಗಮಾರಿ ರೋಗ ಅಲಗಿನ ಮೂಲಕವೂ ಗಿಡದಿಂದ ಗಿಡಕ್ಕೆ ದಾಟುತ್ತದೆ, ಕೀಲಿನೊಳಗೆ ಹೋದ ರಸವನ್ನು ತೋಟದಲ್ಲಿ ನಿಂತು ತೆಗೆಯಲಾಗದು. ಅದಕ್ಕೆ ಬೇರೆ ಕತ್ತರಿಯೇ ಇರಲಿ, ಪ್ರತಿ ಗಿಡದ ನಂತರ ಅದನ್ನು ಸೋಂಕುನಿವಾರಕದಲ್ಲಿ ಅದ್ದಿ.

ಕಾನೂನು

ಶಸ್ತ್ರಾಸ್ತ್ರ ನಿಯಮಗಳಲ್ಲಿ ಆಯುಧದ ಪಟ್ಟಿಗೆ ಸೇರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳು. ಮನೆ, ಒಕ್ಕಲುತನ, ಕೈಗಾರಿಕೆಗೆಂದು ಮಾಡಿದವಕ್ಕೆ ಅಲ್ಲೂ ವಿನಾಯಿತಿ ಇದೆ. 7 ಸೆಂ.ಮೀ. ಅಲಗು ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಎಲ್ಲೆಡೆ ಒಯ್ಯಬಹುದು ಎಂದಲ್ಲ. ನಿಷೇಧಾಜ್ಞೆ ಇರುವ ದಿನ, ಮತಗಟ್ಟೆಗೆ, ಕೋರ್ಟಿಗೆ, ಪರೀಕ್ಷಾ ಕೇಂದ್ರಕ್ಕೆ ಹೋಗುವಾಗ ಮನೆಯಲ್ಲೇ ಬಿಡಿ. ವಿಮಾನದಲ್ಲಾದರೆ ಚೆಕ್-ಇನ್ ಲಗೇಜಿಗೆ ಹಾಕಿ, ಕೈಬ್ಯಾಗಿನಲ್ಲಿ ಬೇಡ. ಬೆಂಗಳೂರು, ಹೈದರಾಬಾದ್‌ಗೆ ಹೋಗಿ ಮೆಟ್ರೊ ಹತ್ತುವವರಿಗೂ ತಪಾಸಣೆ ಇರುತ್ತದೆ. ಹೊರಡುವ ಹಿಂದಿನ ರಾತ್ರಿಯೇ ಬ್ಯಾಗಿನ ಪಕ್ಕದ ಜೇಬು ನೋಡಿಕೊಳ್ಳಿ.