ಫ್ರೆಂಚ್ ಸಿನಿಮಾ ಅಭ್ಯಾಸ: ಮೊದಲು ಪ್ರಿಂಟ್, ಆಮೇಲೆ ನಿರ್ದೇಶಕ

ಫ್ರೆಂಚ್ ಸಿನಿಮಾ ಚರಿತ್ರೆ ಓದಲು ಹೊರಟವರು ಸಾಮಾನ್ಯವಾಗಿ ಗೊದಾರ್, ತ್ರುಫೋ ಎಂಬ ನಿರ್ದೇಶಕರ ಹೆಸರಿನಿಂದ ಶುರು ಮಾಡುತ್ತಾರೆ. ನಾನು ಶುರು ಮಾಡುವುದು ಗಡಿಯಾರದಿಂದ. ಕೈಗೆ ಸಿಕ್ಕ ಪ್ರತಿಯ ಅವಧಿ ಎಷ್ಟು ನಿಮಿಷ, ಆ ಪ್ರತಿ ಯಾವ ವರ್ಷ ಸಿದ್ಧವಾಯಿತು, ಇವೆರಡನ್ನೂ ಪುಟದ ತಲೆಯಲ್ಲಿ ಬರೆದುಕೊಂಡೇ ಸಿನಿಮಾ ಹಾಕುತ್ತೇನೆ.

ಜಾನ್ ರೆನ್ವಾರ್‌ನ 'ದಿ ರೂಲ್ಸ್ ಆಫ್ ದ ಗೇಮ್' ತೆಗೆದುಕೊಳ್ಳಿ. 1939ರ ಜುಲೈನಲ್ಲಿ ತೆರೆಕಂಡು ನೆಲಕಚ್ಚಿತು. ಬಿಡುಗಡೆಯಾದ ಮೇಲೂ ಕತ್ತರಿ ಬಿತ್ತು, ನಿಷೇಧವೂ ಬಂತು, ಯುದ್ಧದ ಬಾಂಬ್ ದಾಳಿಯಲ್ಲಿ ಮೂಲ ನೆಗೆಟಿವ್ ಹಾಳಾಯಿತು. ನಾವು ಇಂದು ನೋಡುವ 106 ನಿಮಿಷದ ರೂಪ 1959ರಲ್ಲಿ ಉಳಿದ ತುಣುಕುಗಳನ್ನು ಜೋಡಿಸಿ ಕಟ್ಟಿದ್ದು. ಹಾಗಾಗಿ "1939ರ ಪ್ರೇಕ್ಷಕ ಈ ದೃಶ್ಯಕ್ಕೆ ಸಿಟ್ಟಾದ" ಎಂದು ಬರೆಯುವ ಮೊದಲು, ಆ ದೃಶ್ಯ ಅವನ ಕಣ್ಣಿಗೆ ಬಿದ್ದಿತ್ತೇ ಎಂದು ಕೇಳಿಕೊಳ್ಳಬೇಕು. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಹೆಚ್ಚಾಗಿ ಎಡವುವ ಜಾಗ ಇದೇ.

ಇದೇ ಸಿನಿಮಾ ಯುರೋಪಿನ ಹಳೆಯ ಪಾಲ್ (PAL, ಅಲ್ಲಿನ ಟಿವಿ ಪದ್ಧತಿ) ಡಿವಿಡಿಯಲ್ಲಿ ಸುಮಾರು 102 ನಿಮಿಷ ತೋರಿಸುತ್ತದೆ. ನಾಲ್ಕು ನಿಮಿಷ ಕತ್ತರಿಸಿದ್ದಾರೆ ಎಂದು ಗಾಬರಿ ಬೇಡ. ಸೆಕೆಂಡಿಗೆ 24 ಫ್ರೇಮ್‌ನ ಚಿತ್ರವನ್ನು ಪಾಲ್ ಪದ್ಧತಿಯಲ್ಲಿ 25ರಂತೆ ಓಡಿಸುತ್ತಾರೆ. ಅವಧಿಯನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿದರೆ ನಿಜವಾದ ಲೆಕ್ಕ ಸಿಗುತ್ತದೆ. ಸರಿಪಡಿಸದ ಡಿಸ್ಕ್‌ಗಳಲ್ಲಿ ದನಿಯೂ ತುಸು ತೆಳ್ಳಗೆ ಕೇಳುತ್ತದೆ. ನಟರ ಕಂಠದ ಬಗ್ಗೆ ಬರೆಯುವವರು ಎಚ್ಚರವಾಗಿರಲಿ.

ಮೂಕಿಯಲ್ಲಿ ಈ ಗೊಂದಲ ಇನ್ನೂ ದೊಡ್ಡದು. ಸಿನಿಮಾದ ಆದಿಕಾಲದ ಲುಮಿಯೇರ್ ಸಹೋದರರ ಒಂದು ರೀಲು ಸುಮಾರು 17 ಮೀಟರ್. 35 ಎಂಎಂ ಫಿಲ್ಮಿನಲ್ಲಿ ಮೀಟರಿಗೆ ಹೆಚ್ಚುಕಡಿಮೆ 52 ಫ್ರೇಮ್, ಅಂದರೆ 880ರ ಆಸುಪಾಸು. ಕೈಯಲ್ಲಿ ತಿರುಗಿಸುವ ಯಂತ್ರದ ವೇಗ ಸೆಕೆಂಡಿಗೆ ಸುಮಾರು 16 ಫ್ರೇಮ್, ಹಾಗಾಗಿ 55 ಸೆಕೆಂಡ್. ಅದನ್ನೇ 24ರಲ್ಲಿ ಓಡಿಸಿದರೆ 37 ಸೆಕೆಂಡಿಗೆ ಮುಗಿದುಹೋಗುತ್ತದೆ. ಹಳೇಕಾಲದ ಜನ ಕೋಳಿಗಳಂತೆ ದಡಬಡ ಓಡಾಡುವುದು ಇದೇ ಕಾರಣಕ್ಕೆ. ಹಳೆಯ ಫ್ರೆಂಚ್ ದಾಖಲೆಗಳು ಉದ್ದವನ್ನು ಮೀಟರಿನಲ್ಲೇ ಕೊಡುವುದರಿಂದ ಈ ಲೆಕ್ಕ ಬಾಯಿಪಾಠವಾಗಿರಬೇಕು: 24ರ ವೇಗದಲ್ಲಿ ನಿಮಿಷಕ್ಕೆ 27 ಮೀಟರಿಗೆ ಸ್ವಲ್ಪ ಹೆಚ್ಚು, 16ರಲ್ಲಿ 18ಕ್ಕೆ ಸ್ವಲ್ಪ ಹೆಚ್ಚು. ಇನ್ನೊಂದು ಮಾತು, ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ಪ್ರಸಿದ್ಧ ಚಿತ್ರಕ್ಕೆ ಮೂರು ರೂಪಗಳಿವೆ. ಒಂದರಲ್ಲಿ ಗಾಡಿಗೆ ಒಂದು ಕುದುರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಯಾವುದನ್ನು ನೋಡಿದಿರಿ ಎಂದು ಬರೆದಿಡಿ.

ಪ್ರತಿಯ ವಿಚಾರ ಇತ್ಯರ್ಥವಾದ ಮೇಲೆ ದುಡ್ಡಿನ ವಿಚಾರ. ನನ್ನ ಮಟ್ಟಿಗೆ ಫ್ರೆಂಚ್ ಸಿನಿಮಾ ಸಂಸ್ಕೃತಿಯ ಬೇರು ಇರುವುದು ಇಲ್ಲಿ, ಕೆಫೆಗಳಲ್ಲಲ್ಲ. 1946ರ ಮೇನಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ನಡುವೆ ಬ್ಲುಮ್–ಬರ್ನ್ಸ್ ಒಪ್ಪಂದವಾಗಿ ಮೂರು ತಿಂಗಳಲ್ಲಿ ನಾಲ್ಕು ವಾರ ಮಾತ್ರ ಫ್ರೆಂಚ್ ಚಿತ್ರಗಳಿಗೆ ಮೀಸಲಾಯಿತು. ಉಳಿದ ವಾರಗಳಲ್ಲಿ ಹಾಲಿವುಡ್‌ಗೂ ಬಾಗಿಲು ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರಿ ಸಿನಿಮಾ ಕೇಂದ್ರ ಸಿಎನ್‌ಸಿ ಹುಟ್ಟಿತು, 1948ರಲ್ಲಿ ಸಿನಿಮಾಗೆ ನೆರವು ಕೊಡುವ ಕಾನೂನು ಬಂತು, 1959ರಲ್ಲಿ ಮಾಲ್ರೋ ಸಂಸ್ಕೃತಿ ಸಚಿವರಾಗಿದ್ದಾಗ ಗಳಿಕೆಯ ಮೇಲಿನ ಮುಂಗಡದ ಪದ್ಧತಿ, ಅಂದರೆ ಚಿತ್ರ ಮುಂದೆ ಗಳಿಸಬಹುದಾದ ದುಡ್ಡಿನ ಮೇಲೆ ಮೊದಲೇ ಹಣ ಕೊಡುವುದು. ಇಂದಿಗೂ ಪ್ರತಿ ಟಿಕೆಟ್ಟಿನ 10.72% ಈ ವ್ಯವಸ್ಥೆಗೆ ಹೋಗುತ್ತದೆ, ಅಮೆರಿಕದ ಚಿತ್ರದ ಟಿಕೆಟ್ ಆದರೂ ಅಷ್ಟೇ. ಇದನ್ನು ತಿಳಿಯದೆ ನ್ಯೂ ವೇವ್ (ಗೊದಾರ್, ತ್ರುಫೋ ಮುಂತಾದವರ ಹೊಸ ಅಲೆ) ಬಗ್ಗೆ ಬರೆದರೆ ಅದು ನಾಲ್ಕೈದು ಯುವಕರ ಪ್ರತಿಭೆಯ ಪವಾಡವಾಗಿಬಿಡುತ್ತದೆ.

ಜರ್ಮನ್ ಆಕ್ರಮಣದ ಕಾಲವನ್ನೂ ಹಾರಿಸಬೇಡಿ. ಜರ್ಮನ್ ಬಂಡವಾಳದ ಕಾಂಟಿನೆಂಟಲ್ ಕಂಪನಿ ಪ್ಯಾರಿಸ್‌ನಲ್ಲಿ 30 ಚಿತ್ರ ಮಾಡಿತು. ಆ ಕಂಪನಿಗಾಗಿ 1943ರಲ್ಲಿ 'ಲ ಕೊರ್ಬೋ' ಮಾಡಿದ ನಿರ್ದೇಶಕ ಕ್ಲೂಜೋಗೆ ವಿಮೋಚನೆಯ ನಂತರ ಕೆಲಸ ನಿಷೇಧವಾಗಿತ್ತು.

ಮೂರನೆಯದು ಆ ಕಾಲದ ಪತ್ರಿಕೆಗಳು. ಫ್ರಾನ್ಸ್ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹ ಗಾಲಿಕಾದಲ್ಲಿ ಎರಡನೇ ಮಹಾಯುದ್ಧದ ಮುಂಚಿನವು ಧಾರಾಳವಾಗಿ, ಉಚಿತವಾಗಿ ಸಿಗುತ್ತವೆ. ನಂತರದವು ಹಕ್ಕುಸ್ವಾಮ್ಯದಿಂದಾಗಿ ವಿರಳ. ಹುಡುಕುವಾಗ ಕೈಕೊಡುವುದು ಎರಡು. ಒಂದು, ಮಾಸಿದ ಅಚ್ಚನ್ನು ಯಂತ್ರ ತಪ್ಪಾಗಿ ಓದುವುದು. ಚಿತ್ರದ ಹೆಸರು ಸಿಗದಿದ್ದರೆ ಚಿತ್ರಮಂದಿರದ ಹೆಸರು, ನಟಿಯ ಹೆಸರು ಹಾಕಿ ನೋಡಿ. ಎರಡು, ಹೆಸರೇ ಬೇರೆಯಾಗಿರುವುದು. ಜಾನ್ ವಿಗೋನ 'ಲಾತಲಾಂತ್' 1934ರಲ್ಲಿ ಗೋಮೊಂ ಕಂಪನಿಯ ಕತ್ತರಿಗೆ ಸಿಕ್ಕು, ಆಗಿನ ಜನಪ್ರಿಯ ಹಾಡೊಂದರ ಹೆಸರು ಹೊತ್ತು 'ಲ ಶಲಾಂ ಕಿ ಪಾಸ್' ಎಂದು ಬಿಡುಗಡೆಯಾಯಿತು. ಆ ಸೆಪ್ಟೆಂಬರಿನ ಜಾಹೀರಾತುಗಳಲ್ಲಿ ಹಾಡಿನ ಹೆಸರನ್ನೇ ಹುಡುಕಬೇಕು. ವಿಗೋ ಅಕ್ಟೋಬರ್ 5ರಂದು ತೀರಿಕೊಂಡ. ನಾವು ನೋಡುವ ರೂಪ 1990ರ ಮರುಜೋಡಣೆಗೆ ಋಣಿ. ಅದಕ್ಕೆ ನೆರವಾದ ಪ್ರಿಂಟ್ ದೊರೆತದ್ದು ಬ್ರಿಟನ್ನಿನ ಫಿಲ್ಮ್ ಆರ್ಕೈವ್‌ನಲ್ಲಿ. 1934ರ ವಿಮರ್ಶೆಯನ್ನು ಓದುವಾಗ ಆ ವಿಮರ್ಶಕ ನೋಡಿದ್ದು ವಿತರಕರಿಗೆ ತೋರಿಸಿದ ಪ್ರತಿಯೋ ಕತ್ತರಿ ಬಿದ್ದ ಪ್ರತಿಯೋ ಎಂದು ತಿಳಿಯಲು ಪತ್ರಿಕೆಯ ತಾರೀಖೇ ದಾರಿ: ಏಪ್ರಿಲ್ ಆಗಿದ್ದರೆ ಮೊದಲನೆಯದು, ಸೆಪ್ಟೆಂಬರ್ ಆಗಿದ್ದರೆ ಎರಡನೆಯದು.