ಮಂಗಳನ ನೆಲದಲ್ಲಿ ಸೂರ್ಯನನ್ನು ಹಿಂಬಾಲಿಸಿದ ಫಲಕಗಳು: ನನ್ನ ಅನುಭವ

ಹುಬ್ಬಳ್ಳಿಯ ಮನೆಗಳ ತಾರಸಿಗಳ ಮೇಲೆ ಸೌರಫಲಕ ಕೂಡಿಸುವುದು ನನ್ನ ಉದ್ಯೋಗ. ನಮ್ಮ ಊರಿನ ಅಕ್ಷಾಂಶ 15.4 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ಓರೆಯಾಗಿ ಬಿಗಿದುಬಿಡುತ್ತೇವೆ. ನಡುಹಗಲಿನ ಸೂರ್ಯ ಮೇ ತಿಂಗಳ ಮೊದಲ ವಾರದಲ್ಲಿ ನೆತ್ತಿಯ ಮೇಲಿದ್ದು ಡಿಸೆಂಬರಿನಲ್ಲಿ 51 ಡಿಗ್ರಿ ಎತ್ತರಕ್ಕೆ ಇಳಿದರೂ ಫಲಕ ಕದಲುವುದಿಲ್ಲ; ಅದರಿಂದಾಗುವ ನಷ್ಟ ಮನೆಬಳಕೆಯಲ್ಲಿ ಸಹಿಸಬಹುದಾದಷ್ಟೇ. ಅಕ್ಕನ ಮಗನ ಜೊತೆ ನಾನು ಆಡುವ, ಮಂಗಳನಂಥ ಗ್ರಹಗಳಲ್ಲಿ ನೆಲೆ ಕಟ್ಟಿ ಬದುಕುವ ಸ್ಟೇಷನಿಯರ್ಸ್ ಎಂಬ ಕಂಪ್ಯೂಟರ್ ಆಟದಲ್ಲಿ ಮಾತ್ರ ಇಂಥ ನಷ್ಟ ಸಹಿಸಲಾಗದು. ಅಲ್ಲಿ ಉಸಿರಾಡುವ ಗಾಳಿಯನ್ನು ಶುದ್ಧಿ ಮಾಡುವ ಯಂತ್ರಗಳೂ ವಿದ್ಯುತ್ತನ್ನೇ ನಂಬಿವೆ. ಬೆಳಕು ಫಲಕದ ಲಂಬರೇಖೆಯಿಂದ 60 ಡಿಗ್ರಿ ಸರಿದರೆ ಅದರ ಮೇಲೆ ಬೀಳುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಮಂಗಳನ ನೆಲದಲ್ಲಿ ನಮ್ಮ ಮೊದಲ ಬ್ಯಾಟರಿ ಬರಿದಾದದ್ದು ಈ ಕಾರಣದಿಂದಲೇ.

ಫಲಕಗಳನ್ನು ತಾನಾಗಿ ತಿರುಗಿಸಲು ಬೇಕಾದದ್ದು ಸ್ವಲ್ಪವೇ: ಸೂರ್ಯನ ಕೋನವನ್ನು ಅಳೆಯುವ ಡೇಲೈಟ್ ಸೆನ್ಸರ್, ಪ್ರೋಗ್ರಾಂ ತುಂಬಿದ ಐಸಿ ಚಿಪ್, ಅದನ್ನು ಕೂಡಿಸುವ ಹೌಸಿಂಗ್ ಮತ್ತು ಇವೆಲ್ಲವನ್ನೂ ಫಲಕಗಳು ಆಜ್ಞೆ ಪಡೆಯುವ ಡೇಟಾ ತುದಿಗೆ ಜೋಡಿಸುವ ಕೇಬಲ್. ಚಿಪ್ಪಿನಲ್ಲಿ 128 ಸಾಲುಗಳಿಗೆ ಅವಕಾಶವಿದ್ದರೂ ನನ್ನ ಪ್ರೋಗ್ರಾಂ ಹತ್ತು ಸಾಲನ್ನೂ ದಾಟಲಿಲ್ಲ. ಸೆನ್ಸರಿನಿಂದ ಹಾರಿಜಾಂಟಲ್, ಅಂದರೆ ದಿಕ್ಕಿನ ಕೋನದ ಬೆಲೆಯನ್ನು ಓದಿ ಹಾಗೆಯೇ ಫಲಕಗಳಿಗೆ ಬರೆಯಬೇಕು. ವರ್ಟಿಕಲ್, ಅಂದರೆ ಮೇಲೆ-ಕೆಳಗಿನ ಕೋನದ ಬೆಲೆಯನ್ನು ಓದಿ, 90ರಿಂದ ಕಳೆದು ಬರೆಯಬೇಕು. ಸೆನ್ಸರ್ ನೆತ್ತಿಯಿಂದ ಕೆಳಗೆ ಅಳೆಯುತ್ತದೆ, ಫಲಕವಾದರೋ ದಿಗಂತದಿಂದ ಮೇಲಕ್ಕೆ ಎಣಿಸುತ್ತದೆ. ಹಾಗಾಗಿ ಈ ಕಳೆಯುವಿಕೆ. ಕೊನೆಗೆ ಯೀಲ್ಡ್ ಎಂಬ ಆಜ್ಞೆಯಲ್ಲಿ ಒಂದು ಕ್ಷಣ ನಿಂತು ಮತ್ತೆ ಮೊದಲ ಸಾಲಿಗೆ ಹೋಗಬೇಕು.

ಇಷ್ಟೆಲ್ಲ ಬರೆದ ಮೇಲೂ ಫಲಕಗಳು ಸೂರ್ಯನಿಗೆ ಪಕ್ಕೆ ತೋರಿಸಿ ನಿಂತವು. ತಪ್ಪು ಪ್ರೋಗ್ರಾಮಿನಲ್ಲಿ ಇರಲಿಲ್ಲ. ಪ್ರತಿ ಫಲಕವೂ ತನ್ನ ಸೊನ್ನೆ ಡಿಗ್ರಿಯನ್ನು ತಾನು ನೆಟ್ಟ ದಿಕ್ಕಿನಿಂದ ಎಣಿಸುತ್ತದೆ, ಸೆನ್ಸರ್ ಕೂಡ ಹಾಗೆಯೇ. ನಾವು ಕೇಬಲ್ ಉಳಿಸಲು ಒಂದೊಂದನ್ನು ಒಂದೊಂದು ಕಡೆ ತಿರುಗಿಸಿ ನೆಟ್ಟಿದ್ದೆವು. ಎಲ್ಲವನ್ನೂ ಕಿತ್ತು ಒಂದೇ ದಿಕ್ಕಿಗೆ ಮರಳಿ ನೆಟ್ಟು, ಉಳಿದ ವ್ಯತ್ಯಾಸಕ್ಕೆ ಹಾರಿಜಾಂಟಲ್ ಬೆಲೆಗೆ 90 ಕೂಡಿಸಿದಾಗ ಸರಿಹೋಯಿತು. ಸೆನ್ಸರನ್ನು ಬೇರೆ ದಿಕ್ಕಿಗೆ ಕೂಡಿಸಿದ್ದರೆ ಅದು 180 ಅಥವಾ 270 ಆಗುತ್ತಿತ್ತು. ತಾರಸಿಯ ಮೇಲೆ ನಾನು ಮೊದಲು ದಿಕ್ಸೂಚಿಯನ್ನೇ ತೆಗೆಯುತ್ತೇನೆ. ಇಲ್ಲಿ ಆ ಕ್ರಮವನ್ನು ಮರೆತಿದ್ದೆ.

ಕೆಲವು ದಿನಗಳ ಬಳಿಕ ಮತ್ತೆ ನಾಲ್ಕು ಫಲಕ ಸೇರಿಸಿದೆವು. "ಮಾಮಾ, ಈ ನಾಲ್ಕು ಯಾಕ ತಿರಗವಲ್ವು?" ಎಂದು ಹುಡುಗ ಕೇಳಿದ. ಅವು ವಿದ್ಯುತ್ತಿಗೂ ಡೇಟಾಗೂ ಪ್ರತ್ಯೇಕ ತುದಿಗಳಿದ್ದ ಬೇರೆ ಮಾದರಿಯ ಫಲಕಗಳು. ಚಿಪ್ ಒಂದೇ ಮಾದರಿಯ ಎಲ್ಲ ಸಾಧನಗಳಿಗೆ ಒಟ್ಟಿಗೆ ಆಜ್ಞೆ ಕಳಿಸುವಾಗ ಆ ಮಾದರಿಗೆಂದೇ ಇರುವ ಹ್ಯಾಶ್ ಎಂಬ ಗುರುತಿನ ಸಂಖ್ಯೆಯಿಂದ ಅವನ್ನು ಗುರುತಿಸುತ್ತದೆ. ಹೊಸ ಮಾದರಿಗೆ ಅದರದೇ ಸಂಖ್ಯೆಯೊಂದಿಗೆ ಇನ್ನೆರಡು ಸಾಲು ಬರೆಯಬೇಕಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ತೊಡಕು. ಹೌಸಿಂಗ್ ಕೂಡ ಈ ಫಲಕಗಳು ತುಂಬುವ ಬ್ಯಾಟರಿಯ ವಿದ್ಯುತ್ತಿನಿಂದಲೇ ನಡೆಯುತ್ತಿತ್ತು. ಒಂದು ರಾತ್ರಿ ಬ್ಯಾಟರಿ ಪೂರ್ತಿ ಬರಿದಾಗಿ ಚಿಪ್ ನಿಂತಿತು, ಫಲಕಗಳು ಪಶ್ಚಿಮಕ್ಕೆ ಮುಖ ಮಾಡಿಯೇ ಉಳಿದವು, ಬೆಳಗಾದರೂ ಅವುಗಳ ಮೇಲೆ ಬೆಳಕು ಬೀಳದೆ ಚಿಪ್ ಏಳಲೇ ಇಲ್ಲ. ಅಂದು ಕೈಯಾರೆ ಒಂದು ಫಲಕ ತಿರುಗಿಸಿ ಉಳಿದುಕೊಂಡೆವು. ಈಗ ಹೌಸಿಂಗಿನ ವಿದ್ಯುತ್ ತುದಿಗೆ ಚಿಕ್ಕದೊಂದು ಪ್ರತ್ಯೇಕ ಬ್ಯಾಟರಿಯನ್ನೂ, ಆಕಾಶಕ್ಕೆ ಮುಖ ಮಾಡಿ ಕದಲದೆ ನಿಲ್ಲುವ ಒಂದು ಫಲಕವನ್ನೂ ಜೋಡಿಸಿದ್ದೇನೆ. ಡೇಟಾ ಕೇಬಲ್ ಮಾತ್ರ ದೊಡ್ಡ ಸಾಲಿನ ಫಲಕಗಳತ್ತ ಹೋಗುತ್ತದೆ. ಇದರ ಜೊತೆಗೆ, ಸೂರ್ಯ ಮುಳುಗಿದೊಡನೆ ಎಲ್ಲ ಫಲಕಗಳೂ ಪೂರ್ವಕ್ಕೆ ಹೊರಳಿ ಕಾಯುವಂತೆ ಪ್ರೋಗ್ರಾಮಿಗೆ ಒಂದು ಷರತ್ತನ್ನು ಸೇರಿಸಿದ್ದೇನೆ.