ಮೊದಲು ಇಳಿಜಾರು, ಆಮೇಲೆ ಏರು

ನನ್ನ ಕಾಲುಗಳಲ್ಲಿ ಈಗ ಮನೆಯೊಳಗೆ ಓಡಾಡುವಷ್ಟು ಮಾತ್ರ ಶಕ್ತಿ ಉಳಿದಿದೆ. ಹೊರಗೆ ಹೋಗಬೇಕೆಂದರೆ ಮೊಬಿಲಿಟಿ ಸ್ಕೂಟರ್ ಬೇಕು, ಅಂದರೆ ನಡೆಯಲಾಗದವರು ಕೂತು ಓಡಿಸುವ, ಬ್ಯಾಟರಿಯ ನಾಲ್ಕು ಚಕ್ರದ ಸಣ್ಣ ಗಾಡಿ. ಕಾಡು, ಜಲಪಾತ ಎಲ್ಲ ಇನ್ನು ಫೋಟೋದಲ್ಲೇ ಎಂದು ಬಹಳ ದಿನ ಸುಮ್ಮನಿದ್ದೆ. ಮಗಳು ಬಿಡಲಿಲ್ಲ. "ಅಪ್ಪಾ, ಒಂದ್ಸಲ ಹೋಗಿ ನೋಡೋಣ" ಎಂದಳು.

ಹೊರಡುವ ಮುಂಚೆ, ಜಲಪಾತವಿರುವ ಉದ್ಯಾನದ ಕಚೇರಿಗೆ ಫೋನ್ ಮಾಡಿದೆ. "ವೀಲ್‌ಚೇರ್ ಹೋಗುತ್ತಾ?" ಎಂದು ಕೇಳಿದರೆ ಸಾಮಾನ್ಯವಾಗಿ "ಹೋಗುತ್ತೆ" ಎಂದೇ ಉತ್ತರ ಬರುತ್ತದೆ. ಅವರ ಕಣ್ಣ ಮುಂದೆ ಇರುವುದು ಹಿಂದಿನಿಂದ ಒಬ್ಬರು ತಳ್ಳುವ ಹಗುರ ಕುರ್ಚಿ. ಎರಡು ಮೆಟ್ಟಿಲು ಬಂದರೆ ಅದನ್ನು ಎತ್ತಿ ದಾಟಿಸಬಹುದು. ನನ್ನ ಸ್ಕೂಟರಿನಲ್ಲಿ ಮೋಟರು, ಬ್ಯಾಟರಿ ಎಲ್ಲ ಇದೆ. ಅದನ್ನು ಹಾಗೆ ಎತ್ತಲಾಗದು. ಹಾಗಾಗಿ ಬಿಡಿಸಿ ಕೇಳಿದೆ. ಮೆಟ್ಟಿಲು ಇದೆಯಾ? ನೆಲ ಗಟ್ಟಿಯೋ, ಸಡಿಲ ಜಲ್ಲಿಯೋ? ಬೈಕ್ ನುಗ್ಗದಂತೆ ಗೇಟಿನ ಬಳಿ ಅಡ್ಡ ಕಂಬಿ ಹಾಕಿದ್ದೀರಾ? ಈ ಕಂಬಿಗಳ ನಡುವೆ ಉದ್ದನೆಯ ಸ್ಕೂಟರ್ ತಿರುಗುವುದಿಲ್ಲ. ಫೋನ್ ತೆಗೆದುಕೊಂಡವರು ಬೇಜಾರಿಲ್ಲದೆ ಉತ್ತರಿಸಿದರು. ಜಲಪಾತದವರೆಗೆ 2 ಕಿಲೋಮೀಟರ್, ಮೆಟ್ಟಿಲಿಲ್ಲ, ಗಟ್ಟಿ ದಾರಿ, ಗೇಟ್ ಅಗಲವಾಗಿ ತೆರೆಯುತ್ತದೆ. ಇಷ್ಟು ಸಾಕು ಅನಿಸಿತು. ಒಂದು ಪ್ರಶ್ನೆ ಮಾತ್ರ ಬಿಟ್ಟುಹೋಗಿತ್ತು.

ಹಿಂದಿನ ರಾತ್ರಿಯೆಲ್ಲ ಬ್ಯಾಟರಿ ಚಾರ್ಜ್‌ಗೆ ಹಾಕಿದ್ದೆ. ಸ್ಕೂಟರಿನ ಜೊತೆ ಬರುವ ಪುಸ್ತಕದಲ್ಲಿ ಇಷ್ಟು ದೂರ ಓಡುತ್ತದೆ ಎಂದು ಬರೆದಿರುತ್ತದಲ್ವಾ, ಅದು ಹೊಸ ಬ್ಯಾಟರಿ, ಸಮತಟ್ಟು ನೆಲದ ಲೆಕ್ಕ. ಏರು, ಜಲ್ಲಿ, ಚಳಿ, ಕೂತವರ ತೂಕ ಎಲ್ಲವೂ ಅದನ್ನು ತಿನ್ನುತ್ತವೆ. ನಾನು ಅದರಲ್ಲಿ ಅರ್ಧವನ್ನಷ್ಟೇ ನಂಬುತ್ತೇನೆ. ಹ್ಯಾಂಡಲ್ ಮೇಲಿನ ಸ್ವಿಚ್ಚುಗಳಿಗೆ ಮಳೆನೀರು ಆಗದು, ಅದಕ್ಕೆ ಒಂದು ಪ್ಲಾಸ್ಟಿಕ್ ಹೊದಿಕೆಯನ್ನೂ ಇಟ್ಟುಕೊಂಡೆವು.

ದಾರಿ ಶುರುವಿನಿಂದಲೇ ಇಳಿಯತೊಡಗಿತು. ವೇಗದ ಗುಂಡಿಯನ್ನು ತೀರಾ ಕಡಿಮೆಗೆ ತಿರುಗಿಸಿ, ಬೆನ್ನನ್ನು ಹಿಂದಕ್ಕೆ ಒರಗಿಸಿ ನಿಧಾನವಾಗಿ ಇಳಿದೆ. ಇಳಿಜಾರಿನಲ್ಲಿ ಗಾಡಿಯನ್ನು ಅಡ್ಡಕ್ಕೆ ತಿರುಗಿಸಬಾರದು, ಪಕ್ಕಕ್ಕೆ ಮಗುಚಬಹುದು. ಸ್ಕೂಟರ್ ಜಾಸ್ತಿ ಸದ್ದು ಮಾಡುವುದಿಲ್ಲ. ದಾರಿ ಮಧ್ಯದಲ್ಲೇ ಒಂದು ಹಕ್ಕಿ ಏನನ್ನೋ ಕುಕ್ಕುತ್ತಿತ್ತು. ನಾನು ಹತ್ತಿರ ಹೋಗುವವರೆಗೂ ಹಾರಲಿಲ್ಲ. ಕೂತವರ ಕಣ್ಣಿನ ಎತ್ತರಕ್ಕೆ ಜರಿಗಿಡದ ಎಲೆಯ ಕೆಳಭಾಗ, ಮರದ ಬುಡದ ಅಣಬೆ ಎಲ್ಲ ಕಾಣುತ್ತವೆ. ಕಾಲು ಚೆನ್ನಾಗಿದ್ದಾಗ ನಾನು ಇವನ್ನೆಲ್ಲ ನೋಡಿರಲೇ ಇಲ್ಲ.

ಜಲಪಾತದ ಮುಂದೆ ಮಾತ್ರ ಮನಸ್ಸಿಗೆ ನೋವಾಯಿತು. ಕಟಕಟೆಯ ಮೇಲಿನ ಕಂಬಿ ಸರಿಯಾಗಿ ನನ್ನ ಕಣ್ಣಿಗೆ ಅಡ್ಡ ಬಂತು. ನಿಂತವರಿಗೆ ಅದು ಎದೆಯ ಮಟ್ಟ, ನನಗೆ ನೀರನ್ನೇ ಮುಚ್ಚುವ ಪಟ್ಟಿ. ಸ್ಕೂಟರನ್ನು ಐದಾರು ಅಡಿ ಹಿಂದಕ್ಕೆ ತೆಗೆದು, ಸೀಟನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡೆ. ಕಂಬಿಗಳ ಸಂದಿಯಲ್ಲಿ ನೀರು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಕಂಡಿತು. ಮಗಳೂ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಎಷ್ಟು ಹೊತ್ತು ಕೂತಿದ್ದೆವೋ ನೆನಪಿಲ್ಲ.

ವಾಪಸ್ ಬರುವಾಗ ಅದೇ ದಾರಿ ಪೂರ್ತಿ ಏರು. ವೀಲ್‌ಚೇರ್‌ಗೆ ಕಟ್ಟುವ ಇಳಿಜಾರಿಗೆ 12 ಅಡಿ ಉದ್ದಕ್ಕೆ 1 ಅಡಿ ಏರು ಎಂಬ ಅಳತೆ ಇಡುತ್ತಾರೆ. ಇಲ್ಲಿ ಕೆಲವು ಕಡೆ ಅದಕ್ಕಿಂತ ಕಡಿದಾಗಿತ್ತು. ಮುಂದಕ್ಕೆ ಬಾಗಿ ಕೂತು ಹತ್ತಿಸಿದೆ. ಬ್ಯಾಟರಿಯ ಮುಳ್ಳು ಸರ್ರನೆ ಕೆಳಗಿಳಿಯಿತು. ನಿಂತರೆ ಸ್ವಲ್ಪ ಮೇಲೆ ಬರುತ್ತಿತ್ತು, ಹೊರಟರೆ ಮತ್ತೆ ಇಳಿಯುತ್ತಿತ್ತು. ಮುಕ್ಕಾಲು ದಾರಿ ಬಂದಾಗ ಸ್ಕೂಟರ್ ಗಪ್ಪನೆ ನಿಂತಿತು.

ಮಗಳು ಗಾಬರಿಯಾಗಿ, ತಳ್ಳೋಣವೆಂದು ಹಿಂದಿನ ಫ್ರೀವೀಲ್ ಲಿವರ್‌ಗೆ ಕೈ ಹಾಕಿದಳು. "ಮುಟ್ಬೇಡ!" ಎಂದು ಕೂಗಿದೆ. ಇದನ್ನು ಜೊತೆಗೆ ಬರುವವರಿಗೆ ಹೊರಡುವ ಮೊದಲೇ ಹೇಳಿಕೊಡಬೇಕು. ಮೋಟರು ನಿಂತಾಗ ಬ್ರೇಕ್ ತಾನಾಗಿಯೇ ಬೀಳುತ್ತದೆ, ಅದಕ್ಕೆ ಕರೆಂಟ್ ಬೇಕಿಲ್ಲ. ಆ ಲಿವರ್ ಎಳೆದರೆ ಆ ಬ್ರೇಕ್ ಬಿಟ್ಟುಹೋಗುತ್ತದೆ. ಏರಿನಲ್ಲಿ ಹಾಗಾದರೆ ಗಾಡಿ ನನ್ನ ಸಮೇತ ಹಿಂದಕ್ಕೆ ಉರುಳುತ್ತದೆ, ಒಬ್ಬರು ಹಿಡಿದು ನಿಲ್ಲಿಸಲು ಆಗುವುದಿಲ್ಲ.

ಬ್ಯಾಟರಿ ಮುಗಿದಿರಲಿಲ್ಲ. ಉದ್ದ ಏರಿನಲ್ಲಿ ಮೋಟರು ಜಾಸ್ತಿ ಕರೆಂಟ್ ಎಳೆದಾಗ ಬ್ರೇಕರ್, ಅಂದರೆ ಕರೆಂಟ್ ಕಡಿದುಹಾಕುವ ಸುರಕ್ಷತಾ ಸ್ವಿಚ್ಚು, ಬಿಸಿಯಾಗಿ ಹಾರುತ್ತದೆ. ಬೀಗದ ಕೈ ತೆಗೆದು ಹದಿನೈದು ನಿಮಿಷ ಸುಮ್ಮನೆ ಕಾದೆವು. ಆಮೇಲೆ ಮಗಳು ಬ್ರೇಕರ್ ಗುಂಡಿ ಒತ್ತಿದಳು. ಸ್ಕೂಟರ್ ಹೊರಟಿತು. ಉಳಿದ ದಾರಿಯಲ್ಲಿ ಸ್ವಲ್ಪ ಸಮತಟ್ಟು ಸಿಕ್ಕಲ್ಲೆಲ್ಲ ನಿಂತು, ಮೋಟರು ಆರಲು ಬಿಟ್ಟು ಹತ್ತಿದೆ.

ಹೊರಗೆ ಬರುವಾಗ ಕಚೇರಿಯಲ್ಲಿ ನಡೆದದ್ದನ್ನು ಹೇಳಿದೆ, ಕಟಕಟೆಯ ವಿಷಯವನ್ನೂ ಹೇಳಿದೆ. ಅಲ್ಲಿದ್ದವರು ನಕ್ಷೆ ಬಿಡಿಸಿ ಕೆಳಗಿನ ಇನ್ನೊಂದು ಗೇಟ್ ತೋರಿಸಿದರು. ಕೆಲಸದ ಗಾಡಿಗಳು ಬರುವ ದಾರಿ ಅದು. ಮೊದಲೇ ತಿಳಿಸಿದರೆ ತೆಗೆಯುತ್ತಾರಂತೆ. ಅಲ್ಲಿಂದ ಜಲಪಾತಕ್ಕೆ ಮೊದಲು ಸಣ್ಣ ಏರು, ಬರುವಾಗ ಇಳಿಜಾರು. ಬ್ಯಾಟರಿ ತುಂಬಿದ್ದಾಗ, ಮೋಟರು ತಣ್ಣಗಿದ್ದಾಗಲೇ ಏರು ಮುಗಿದುಹೋಗುತ್ತದೆ. ಈಗ ಯಾವ ಉದ್ಯಾನಕ್ಕೆ ಫೋನ್ ಮಾಡಿದರೂ ನನ್ನ ಮೊದಲ ಪ್ರಶ್ನೆ ಒಂದೇ: "ದಾರಿ ಮೊದಲು ಇಳಿಯುತ್ತಾ, ಏರುತ್ತಾ?"